ಪಿಯಾನೋ ನಿಂತಾಗ ಕರೆಂಟು ಹೋಗಿರಲಿಲ್ಲ

ಚಪ್ಪಾಳೆ ಕೇಳಿದರೆ ನನಗೆ ಸೋಲ್ಡರಿಂಗ್ ವಾಸನೆ ಬರುತ್ತದೆ. ನಗಬೇಡಿ. ಮಿಮಿಕ್ರಿ ಮಾಡಿ ಹೆಸರು ಗಳಿಸಲು ಹೊರಟವನಿಗೆ ಇದಕ್ಕಿಂತ ಕೆಟ್ಟ ಕಾಯಿಲೆ ಇನ್ನೊಂದಿಲ್ಲ. ಮೊನ್ನೆ ತೀರ್ಥಹಳ್ಳಿಯ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆಸಿದ್ದರು. ಬಸ್ ಏಜೆಂಟ "ಹೊಸ್ನಗ್ರ ಹೊಸ್ನಗ್ರ ಹೊಸ್ನಗ್ರ" ಎಂದು ಕೂಗಿ ಕೂಗಿ ಕೊನೆಗೆ ಆ ಊರಿನಲ್ಲಿ ಬರೀ 'ಗ್ರ' ಮಾತ್ರ ಉಳಿಸುವುದನ್ನು ಮಾಡಿದೆ. ಚಳಿಗೆ ಸ್ಟಾರ್ಟಾಗದ ಜೀಪು ಮಾಡಿದೆ. ಮುಂದಿನ ಸಾಲಿನಲ್ಲಿದ್ದ ಪ್ರಿನ್ಸಿಪಾಲರ ಕೆಮ್ಮನ್ನು ಅವರ ಅನುಮತಿ ಕೇಳದೆ ಅವರಿಗೇ ವಾಪಸು ಕೊಟ್ಟೆ. ಚಪ್ಪಾಳೆಗೆ ಹೆಂಚು ಹಾರುವುದೊಂದು ಬಾಕಿ. ನಾನು ಕೈ ಮುಗಿದು ನಿಂತಿದ್ದೇನೆ, ಮೂಗು ಮಾತ್ರ ಎಲ್ಲಿ ಸೀಸ ಕರಗುತ್ತಿದೆ ಎಂದು ಹುಡುಕುತ್ತಿದೆ. ಒಳಗೆ ಯಾರೋ ಹೇಳುತ್ತಿದ್ದಾರೆ: ಲೂಸ್ ಕಾಂಟ್ಯಾಕ್ಟ್ ಆಗಿದೆ ಮಾರಾಯಾ, ಬೇಗ ಬಿಚ್ಚಿ ನೋಡು.

ಇದು ಅಪ್ಪ ಅಂಟಿಸಿದ ಕಾಯಿಲೆ. ಅಪ್ಪನಿಗೆ ಅಂಟಿಸಿದವನು ಪಿಯಾನೋ ಬಾರಿಸುವ ಒಬ್ಬ ಪುಣ್ಯಾತ್ಮ. ಅವನ ಹೆಸರು ನಮಗೆ ಇವತ್ತಿಗೂ ಗೊತ್ತಿಲ್ಲ. ಸಾಗರ ಎಂಬ ಊರೊಂದಿದೆ ಎಂದು ಅವನಿಗೂ ಯಾರೂ ಹೇಳಿರಲಾರರು.

ಅಪ್ಪನದು ಸಾಗರದ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಈಚೆ ಅಪ್ಪ ಸತ್ತ ರೇಡಿಯೋಗಳಿಗೆ ಜೀವ ಬರಿಸುತ್ತಿದ್ದರೆ, ಆಚೆ ಅಮ್ಮ ಅವುಗಳ ಗಲಾಟೆ ಕೇಳಲಾರದೆ ಸಾಯುತ್ತಿದ್ದಳು. ನಾನು ಎರಡೂ ಕಡೆ ಓಡಾಡಿಕೊಂಡು ಇಬ್ಬರನ್ನೂ ಅಣಕಿಸುತ್ತಿದ್ದೆ. ಕಾಲೇಜಿಗೆ ಹೋಗುತ್ತಿದ್ದೆ ಎಂದೂ ಹೇಳಬೇಕು. ಹಾಜರಿ ಕೂಗುವಾಗ ನನ್ನದಲ್ಲದ ಬೇರೆ ಬೇರೆ ದನಿಗಳಲ್ಲಿ "ಪ್ರೆಸೆಂಟ್ ಸರ್" ಎನ್ನುವುದಕ್ಕೆ.

ಆಗ ನನ್ನದೊಂದು ಸಿದ್ಧಾಂತವಿತ್ತು. ಕೊಡಪಾನಕ್ಕೆ ಕಂಠ ಇದ್ದ ಹಾಗೆ ಪ್ರತಿ ಮನುಷ್ಯನಿಗೂ ಒಂದು ಹಿಡಿಕೆ ಇರುತ್ತದೆ. ಅದನ್ನು ಹಿಡಿದೆತ್ತಿದರೆ ಆಸಾಮಿ ಪೂರ್ತಿ ಕೈಗೆ ಬರುತ್ತಾನೆ. ಅಪ್ಪನ ಹಿಡಿಕೆ 'ಫೂ'. ಜೀವಮಾನವಿಡೀ ರೇಡಿಯೋ ಒಳಗಿನ ಧೂಳು ಊದಿ ಊದಿ, ಏನು ಮಾತಾಡುವ ಮೊದಲೂ ಒಂದು ಸಲ 'ಫೂ' ಎನ್ನುತ್ತಿದ್ದರು. ದೇವರಿಗೆ ಕೈ ಮುಗಿಯುವಾಗಲೂ ಊದಿಯೇ ಮುಗಿಯುತ್ತಿದ್ದರು. ಅಮ್ಮನ ಹಿಡಿಕೆ ಬಲ್ಬು. ಎಲ್ಲಿ ಯಾವ ಸದ್ದು ನಿಂತರೂ ತಲೆಯೆತ್ತಿ ಬಲ್ಬು ನೋಡಿ "ಕರೆಂಟು ಹೋಯ್ತಾ?" ಎನ್ನುವಳು. ಜೋಗದಲ್ಲಿ ಕರೆಂಟು ಹುಟ್ಟಿ, ನಮ್ಮ ತಲೆಯ ಮೇಲೆ ಹಾದು, ಎಲ್ಲೆಲ್ಲೋ ಬೆಳಕು ಕೊಟ್ಟು ಬರುವುದರೊಳಗೆ ನಮಗೆ ಕತ್ತಲು ಅಭ್ಯಾಸವಾಗಿರುತ್ತಿತ್ತು. ಅಮ್ಮನದು ತಪ್ಪಲ್ಲ. ನನ್ನ ಹಿಡಿಕೆಯೂ ಇದೆ: ಎಲ್ಲಾದರೂ ಮೌನ ಕಂಡರೆ ನನಗೆ ತುರಿಕೆ ಏಳುತ್ತದೆ. ಕೂಡಲೇ ಅದರೊಳಗೆ ಯಾರದಾದರೂ ದನಿ ತುರುಕದಿದ್ದರೆ ಸಮಾಧಾನವಿಲ್ಲ.

ಹಿಡಿಕೆಯೇ ಇಲ್ಲದವಳು ಸುಮಿತ್ರಕ್ಕ, ನನ್ನ ಅಕ್ಕ. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಮಾತು ಕಡಿಮೆ. ಆಡಿದ ಮಾತಿಗೂ ಒಂದು ಮೂಲೆ, ಮುಳ್ಳು, ಏನೂ ಇಲ್ಲ. ಅವಳನ್ನು ಅಣಕಿಸಲು ಕನ್ನಡಿ ಮುಂದೆ ಎಷ್ಟೋ ಮಧ್ಯಾಹ್ನ ಹಾಳುಮಾಡಿದೆ. ಕನ್ನಡಿಯಲ್ಲಿ ಸುಮ್ಮನೆ ಕೂತ ಒಬ್ಬ ಪೆದ್ದ ಕಾಣುತ್ತಿದ್ದ.

ಇನ್ನು ಆ ಟೇಪ್ ರೆಕಾರ್ಡರಿನ ವಿಷಯ. ಜೋಗದ ಕಡೆಯ ಕಾಲೊನಿಯಿಂದ ಬಂದ ಇಂಜಿನಿಯರೊಬ್ಬರು ಅದನ್ನು ಮಗುವಿನ ಹಾಗೆ ಎತ್ತಿಕೊಂಡು ತಂದರು. ಕ್ಯಾಸೆಟ್ಟು ಹಾಕುವ ಮುಚ್ಚಳ ಕಚ್ಚಿಕೊಂಡುಬಿಟ್ಟಿತ್ತು, ಒಳಗೊಂದು ಕ್ಯಾಸೆಟ್ಟು ಸಿಕ್ಕಿಕೊಂಡಿತ್ತು.

"ಯಜಮಾನ್ರೇ, ಮುಚ್ಚಳಕ್ಕೆ ಕೈ ಹಚ್ಚಬೇಡಿ. ಒಳಗಿರೋದು ಜಾಝ್ ಪಿಯಾನೋ, ನನ್ನ ಪ್ರಾಣ. ಮುಚ್ಚಳದ ಸ್ಪೇರು ನಾನೇ ತರಿಸ್ತೀನಿ. ಅಲ್ಲೀ ತನಕ ಹಿಂದುಗಡೆಯಿಂದ ಮೋಟಾರು ನೋಡಿ, ಸಾಕು" ಎಂದರು.

"ಫೂ. ಆಯ್ತು" ಎಂದರು ಅಪ್ಪ.

ಇಂಜಿನಿಯರು ಮತ್ತೆ ಬರಲಿಲ್ಲ. ಕಾಲೊನಿಯಲ್ಲಿ ವಿಚಾರಿಸಿದರೆ ವರ್ಗವಾಗಿದೆ ಎಂದರು, ಎಲ್ಲಿಗೆ ಎಂದು ಒಬ್ಬೊಬ್ಬರು ಒಂದೊಂದು ಊರು ಹೇಳಿದರು. ಮೋಟಾರು ಸರಿಯಾದ ಸೆಟ್ಟು ಮೂಲೆಯ ಕಪಾಟು ಸೇರಿತು. ಆ ಕಪಾಟಿನಲ್ಲಿ ಅದರಂಥ ಅನಾಥರು ಇನ್ನೂ ಕೆಲವರಿದ್ದರು. ಅಪ್ಪ ಯಾವುದನ್ನೂ ಮಾರುತ್ತಿರಲಿಲ್ಲ. ಬದಲಿಗೆ ದಿನಾ ಸಂಜೆ ಅಮ್ಮ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಒಂದೊಂದನ್ನೇ ಇಳಿಸಿ ಸ್ವಲ್ಪ ಹೊತ್ತು ಓಡಿಸುತ್ತಿದ್ದರು. "ಮಲಗಿಸಿಟ್ರೆ ಬೆಲ್ಟು ಜಡ್ಡುಗಟ್ತದೆ. ಯಂತ್ರಕ್ಕೂ ಕೈಕಾಲು ಆಡಿಸ್ಬೇಕು" ಎನ್ನುವುದು ಅವರ ನೇಮ. ಮಗ ಇಡೀ ದಿನ ಮಲಗಿದರೂ ಜಡ್ಡಿನ ಬಗ್ಗೆ ಚಿಂತೆಯಿರಲಿಲ್ಲ, ಅದು ಬೇರೆ ಮಾತು.

ಉಳಿದ ಸೆಟ್ಟುಗಳಲ್ಲಿ ವಾರ್ತೆ ಹಾಕಬಹುದು, ಭಜನೆ ಹಾಕಬಹುದು. ಇದರಲ್ಲಿ ಮಾತ್ರ ಒಳಗಿದ್ದದ್ದನ್ನೇ ಕೇಳಬೇಕು. ಬೇರೆ ದಾರಿಯಿಲ್ಲ.

ಮೊದಲ ಸಂಜೆ ಅಪ್ಪ ಗುಂಡಿ ಒತ್ತಿದಾಗ ಏನಾಯಿತು ಎಂದು ಹೇಳಲು ಈಗಲೂ ನನ್ನ ಬಾಯಿ ಸಾಲದು, ನನ್ನ ಬಾಯಿ ಎಷ್ಟು ದೊಡ್ಡದೆಂದು ನಿಮಗೆ ಗೊತ್ತು. ಮೊದಲು ಬರೀ ಪಿಯಾನೋ. ನಿಧಾನಕ್ಕೆ ನಾಲ್ಕು ಹೆಜ್ಜೆ ಕೆಳಗಿಳಿಯಿತು. ತೀರ್ಥಹಳ್ಳಿಯಲ್ಲಿ ತುಂಗೆಗೆ ಇಳಿಯುವಾಗ ಮೂರು ಮೆಟ್ಟಿಲು ಒಣಗಿದ್ದು, ನಾಲ್ಕನೆಯದಕ್ಕೆ ಪಾದ ತಟ್ಟನೆ ನೀರೊಳಗೆ ಹೋಗಿ ಮೈಯೆಲ್ಲ ಜುಮ್ಮೆನ್ನುತ್ತದಲ್ಲ, ಹಾಗೆ. ಹತ್ತಿತು, ಮತ್ತೆ ಇಳಿಯಿತು. ಈ ಸಲ ನೀರು ಎಲ್ಲಿದೆಯೆಂದು ಗೊತ್ತಿದ್ದೂ ಬೆಚ್ಚಿದೆ. ಆಮೇಲೆ ಎಲ್ಲಿಂದಲೋ ಡೋಲುಗಳು ಬಂದವು. ಪಿಯಾನೋದ ಗುಣವೇ ಬದಲಾಯಿತು. ಒಂದೇ ತುಂಡನ್ನು ತಿರುಗಿಸಿ ತಿರುಗಿಸಿ ಹಾಕತೊಡಗಿತು. ಬಟ್ಟೆಮಲ್ಲಪ್ಪದ ದಾರಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಇದು ಅರ್ಥವಾದೀತು. ಗುಂಡಿ ಇಲ್ಲಿದೆ ಎಂದು ಹಲ್ಲು ಕಚ್ಚಿ ಸಿದ್ಧವಾದರೆ ಬಸ್ಸು ಎತ್ತಿಹಾಕುವುದು ಅದಕ್ಕಿಂತ ಅರೆಗಳಿಗೆ ಮುಂಚೆ. ಈ ಮನುಷ್ಯ ಪ್ರತಿ ಸಲ ಅರೆಗಳಿಗೆ ಮುಂಚೆ ಎತ್ತಿಹಾಕುತ್ತಿದ್ದ. ಸೊಂಟ ನೋಯುವ ಬದಲು ಕುಣಿಯಬೇಕೆನಿಸುತ್ತಿತ್ತು.

ಅಷ್ಟರಲ್ಲಿ 'ಕಟ ಕಟ, ಕಟಕಟ ಕಟ' ಎಂದು ಶುರುವಾಯಿತು.

"ಬೆಲ್ಟು ಜಾರ್ತಾ ಇದೆ" ಎಂದು ಅಪ್ಪ ಹಾರಿ ಎದ್ದರು.

ನಿಲ್ಲಿಸುವ ಮೊದಲೇ ಅದು ತಾನಾಗಿ ನಿಂತಿತು. ಕಟಕಟ, ಡೋಲು, ಪಿಯಾನೋ, ಎಲ್ಲ ಒಟ್ಟಿಗೆ, ಕತ್ತಿಯಲ್ಲಿ ಕಡಿದ ಹಾಗೆ. ಮನೆ ಗಪ್ಪಾಯಿತು. ಅಮ್ಮ ಬಲ್ಬು ನೋಡಿದಳು.

"ಕರೆಂಟು ಹೋಯ್ತಾ?"

ಬಲ್ಬು ಉರಿಯುತ್ತಿತ್ತು. ಟೇಪು ತಿರುಗುತ್ತಿತ್ತು. ಒಂದು ವೀಳ್ಯದೆಲೆ ಮಡಚಿ ಬಾಯಿಗಿಡುವಷ್ಟು ಹೊತ್ತು ಜಗತ್ತಿನಲ್ಲಿ ಏನೂ ಇರಲಿಲ್ಲ. ಆಮೇಲೆ ಎಲ್ಲ ಒಟ್ಟಿಗೆ ಧುಮುಕಿ ಬಂತು. ಅಮ್ಮನ ಕೈಯ ಎಣ್ಣೆ ಬಟ್ಟಲು ನೆಲ ಕಂಡಿತು. ನಾನು ಹೆದರಿ ಅಪ್ಪನ ಸ್ಟೂಲಿನ ಮೇಲೆ ಕೂತೆ. ಅದರ ಮೇಲಿದ್ದ ಸೋಲ್ಡರಿಂಗ್ ಕಡ್ಡಿ ಬಿಸಿಯಾಗಿತ್ತೆಂಬುದು ಇಲ್ಲಿ ಅಪ್ರಸ್ತುತ.

ಮರುದಿನದಿಂದ ಅಪ್ಪನ ತಪಸ್ಸು. ಗಿರಾಕಿಯ ಪ್ರಾಣದೊಳಗೆ ಕಟಕಟ ಸೇರಿಕೊಂಡರೆ ಬಿಡುವುದುಂಟೆ? ಹಿಂದಿನ ಕವಚ ಬಿಚ್ಚಿ ಬೆಲ್ಟು ಬದಲಾಯಿಸಿದರು. ಕಟಕಟ ಹೋಗಲಿಲ್ಲ. ಸ್ಪೀಕರಿನ ವೈರು ಕಿತ್ತು ಹೊಸದಾಗಿ ಬೆಸೆದರು. ಇನ್ನೂ ಸ್ಪಷ್ಟವಾಗಿ ಕೇಳತೊಡಗಿತು. ಕಂಡ ಕಂಡ ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿದರು. ಮನೆಯ ಅನ್ನಕ್ಕೂ ಸೀಸದ ವಾಸನೆ ಹತ್ತಿತು. ಸಂಜೆಯಾದರೆ ನಾವೆಲ್ಲ ಪಿಯಾನೋ ಕೇಳುವುದು ಬಿಟ್ಟು ಕಟಕಟಕ್ಕೆ ಕಿವಿಕೊಡುತ್ತಿದ್ದೆವು. ಬಂತೋ, ಅಪ್ಪನ ಮುಖ ಬಾಡುತ್ತಿತ್ತು.

"ಫೂ. ಒಂದೇ ಜಾಗಕ್ಕೆ ಬರ್ತದೆ, ಹೋಗ್ತದೆ. ಇಂಥ ಲೂಸ್ ಕಾಂಟ್ಯಾಕ್ಟು ನನ್ನ ಸರ್ವಿಸಲ್ಲೇ ಕಂಡಿಲ್ಲ."

ಪರದೆಯಾಚೆ ಅಕ್ಕಿ ಆರಿಸುತ್ತಿದ್ದ ಅಕ್ಕ ಮೊರ ಕೆಳಗಿಟ್ಟು ಬಂದಳು. "ಅದು ರಿಪೇರಿ ಅಲ್ಲ ಅಪ್ಪಾ. ಮನುಷ್ಯರು" ಎಂದಳು.

"ಎಂತ ಮನುಷ್ಯರು?"

ಅಕ್ಕ ಬಾಯಲ್ಲಿ ಹೇಳಲಿಲ್ಲ. ಎರಡು ಅಂಗೈ ಸೇರಿಸಿ ಟೇಪಿನ ಜೊತೆಜೊತೆಗೇ ತಟ್ಟಿದಳು. ಅದು ಎಲ್ಲಿ ಬರುತ್ತದೆ, ಎಲ್ಲಿ ಜಾರಿಕೊಳ್ಳುತ್ತದೆ, ಎಲ್ಲವೂ ಅವಳ ಅಂಗೈಗೆ ಗೊತ್ತಿತ್ತು. ನಡುವೆ ಎಲ್ಲ ನಿಂತಾಗ ಅವಳೂ ನಿಂತಳು, ಧುಮುಕಿದಾಗ ಅವಳೂ ಧುಮುಕಿದಳು. ಅಪ್ಪನ ಕೈಯ ಸ್ಕ್ರೂಡ್ರೈವರು ಹಾಗೇ ಗಾಳಿಯಲ್ಲಿತ್ತು. ಊದುವುದನ್ನೂ ಮರೆತಿದ್ದರು. ನನಗಂತೂ ಮನೆಯ ಮಾತಾಡದ ಗೋಡೆ ಎದ್ದು ಬಂದು ಕುಣಿದ ಹಾಗಾಯಿತು.

"ಚಪ್ಪಾಳೆ!" ಎಂದರು ಅಪ್ಪ ಕೊನೆಗೆ. "ಚಪ್ಪಾಳೆಗೆ ನಾನು ಸೋಲ್ಡರ್ ಹಾಕ್ದೆನಲ್ಲೇ!"

ನಾನೂ ತಟ್ಟಲು ಹೋದೆ. ಊರಿನ ಎಲ್ಲರ ಗಂಟಲನ್ನೂ ಕದ್ದವನಿಗೆ ಎರಡು ಅಂಗೈ ಸಾಲದೆ ಹೋಯಿತು. ತಟ್ಟಿದ್ದೆಲ್ಲ ಭಜನೆಗೆ ಹೊಂದುತ್ತಿತ್ತು. ಅಕ್ಕ ನಗುತ್ತ ಹೇಳಿಕೊಟ್ಟಳು.

"ಒಂದೇ ಒರಳಿಗೆ ಇಬ್ಬರು ಒನಕೆ ಹಾಕೋದು ನೋಡಿದೀಯಲ್ಲಾ? ಒಬ್ಬಳ ಒನಕೆ ಮೇಲಿದ್ದಾಗ ಇನ್ನೊಬ್ಬಳದು ಕೆಳಗೆ. ಎರಡೂ ತಾಗಬಾರ್ದು. ಇದೂ ಹಂಗೇ ಕಣೋ. ನಾನು ಹಾಕದೇ ಇರೋ ಜಾಗದಲ್ಲಿ ನೀನು ಹಾಕು."

ನಾನು ಅವಳು ಹಾಕಿದ ಜಾಗದಲ್ಲೇ ಹಾಕಿದೆ. ಒನಕೆಯಾಗಿದ್ದರೆ ಅವತ್ತೇ ಅವಳ ಕೈ ಹೋಗುತ್ತಿತ್ತು.

ಇದಕ್ಕೆಲ್ಲ ಒಂದು ಹೆಸರಿದೆಯೆಂದು ತಿಳಿದದ್ದು ಎಷ್ಟೋ ದಿನ ಕಳೆದು. ಕಪಾಟಿನ ಅನಾಥರಲ್ಲೊಂದಾದ ಶಾರ್ಟ್‌ವೇವ್ ರೇಡಿಯೋ ಒಂದು ಸಂಜೆ ಕೊರಕೊರ ಎನ್ನುತ್ತ ಯಾವುದೋ ದೇಶದ ಇಂಗ್ಲಿಷ್ ಕಾರ್ಯಕ್ರಮ ಹಿಡಿದು ತಂದಿತು. ಸ್ಪೇನಿನ ಜಿಪ್ಸಿಗಳದು ಫ್ಲಮೆಂಕೊ ಎಂಬ ಸಂಗೀತ, ಅದರಲ್ಲಿ ಚಪ್ಪಾಳೆಯೇ ಒಂದು ವಾದ್ಯ. ಸಮುದ್ರದಾಚೆ ಕ್ಯೂಬಾ ಮುಂತಾದ ಕಡೆ ಡೋಲಿನ ಜೊತೆ ಕುಣಿಯುವ ಪಿಯಾನೋ ಇನ್ನೊಂದು. ಜಾಝ್ ಬಾರಿಸುವವರು ಕೆಲವರು ಎರಡನ್ನೂ ಸೇರಿಸಿ ಹೊಸದು ಕಟ್ಟುತ್ತಾರೆ ಎಂದೆಲ್ಲ ಹೇಳಿ, ಮಾದರಿಗೆ ಒಂದಿಷ್ಟು ಕೇಳಿಸಿದರು. ಕಟಕಟ! ಅಪ್ಪ ರೇಡಿಯೋಕ್ಕೆ ಕೈ ಮುಗಿದರು. ಇಷ್ಟು ದಿನ ಕಾಡಿದ ದೆವ್ವಕ್ಕೆ ಜಾತಕ ಸಿಕ್ಕಿತ್ತು. ಮದುವೆ ಮನೆಯ ಹಾಗೆ ಬೇರೆ ಬೇರೆ ಸೀಮೆಯವರು ಒಂದೇ ಪಂಕ್ತಿಯಲ್ಲಿ ಕೂತು ಜಗಳವಿಲ್ಲದೆ ಉಂಡೆದ್ದ ಸಂಗೀತ ಅದು. ನಮ್ಮ ಕಡೆಯ ಮದುವೆಗಳಲ್ಲಿ ಇದು ಇನ್ನೂ ಸಾಧ್ಯವಾಗಿಲ್ಲ.

ಮದುವೆ ಎಂದೆನಲ್ಲ. ಆ ವರ್ಷ ನಮ್ಮ ಮನೆಯಲ್ಲಿ ತೆಗೆಯಲಾಗದೆ ಉಳಿದದ್ದು ಎರಡು: ಟೇಪ್ ರೆಕಾರ್ಡರಿನ ಮುಚ್ಚಳ, ಸುಮಿತ್ರಕ್ಕನ ಬಾಯಿ. ಗಂಡಿನ ಕಡೆಯವರು ನೋಡಲು ಬರತೊಡಗಿದ್ದರು. ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದ ಮೇಲೆ "ಒಂದು ಹಾಡು ಹೇಳಮ್ಮಾ" ಎನ್ನುವುದು ಪದ್ಧತಿ. ಅಕ್ಕ ಹಾಡುತ್ತಿರಲಿಲ್ಲ, ಹಾರ್ಮೋನಿಯಂ ನುಡಿಸುತ್ತಿದ್ದಳು. ಭಜನಾ ಮಂದಿರದ ಮೇಷ್ಟ್ರೊಬ್ಬರು ಹೇಳಿಕೊಟ್ಟಿದ್ದರು. ಆದರೆ ಈಚೆಗೆ ಅವಳ ಬೆರಳು ಭಜನೆ ಬಿಟ್ಟು ಟೇಪಿನ ಹಿಂದೆ ಹೋಗಿತ್ತು. ನಮ್ಮ ಹಾರ್ಮೋನಿಯಂನಲ್ಲಿ ಒಂದು ಕೈಗೆ ತಿದಿ ಒತ್ತುವ ಕೆಲಸ. ಪಿಯಾನೋದವನು ಎರಡು ಕೈಯಲ್ಲಿ ಮಾಡಿದ್ದನ್ನು ಉಳಿದ ಒಂದು ಕೈಯಲ್ಲಿ ಮಾಡಬೇಕು. ಮೆಟ್ಟಿಲಿಳಿಯುವ ನಾಲ್ಕು ಹೆಜ್ಜೆ ಅವಳಿಗೆ ಬೇಗ ಬಂತು. ಬಸ್ಸಿನ ಹಿಂದಿನ ಸೀಟಿಗೆ ಬಹಳ ದಿನ ಹಿಡಿಯಿತು. ಮೇಷ್ಟ್ರು ಒಂದು ದಿನ ಅಂಗಡಿಗೆ ಬಂದವರು ಒಳಗಿನಿಂದ ಕೇಳಿ ಕಿವಿ ನಿಮಿರಿಸಿದರು.

"ಮಾಯಾಮಾಳವಗೌಳ ಅಲ್ಲವೇನೇ ಇದು? ನಿಷಾದ ದಾರಿ ತಪ್ಪಿದೆ ನೋಡು."

"ದಾರಿ ತಪ್ಪಿಲ್ಲ ಮೇಷ್ಟ್ರೇ. ಅವರು ಅಲ್ಲೇ ಮನೆ ಮಾಡಿದಾರೆ" ಎಂದಳು ಅಕ್ಕ.

ಮೇಷ್ಟ್ರು ಎಷ್ಟು ಬೆಚ್ಚಿದರೆಂದರೆ ರಿಪೇರಿಗೆ ಕೊಟ್ಟಿದ್ದ ತಮ್ಮ ರೇಡಿಯೋ ತೆಗೆದುಕೊಳ್ಳುವುದನ್ನೇ ಮರೆತು ಹೋದರು. ಅದೂ ಕಪಾಟು ಸೇರಿತು.

ಮೊದಲು ಬಂದವರು ತೀರ್ಥಹಳ್ಳಿಯವರು. ಹುಡುಗ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತ, ಜೊತೆಗೆ ಮಾತಿನ ಮಲ್ಲ ಒಬ್ಬ ಸೋದರಮಾವ. ಅಮ್ಮ ಒಂದು ದೇವರನಾಮ ಗೊತ್ತುಮಾಡಿಕೊಟ್ಟಿದ್ದಳು. ಅಕ್ಕ ಅದರ ಮೊದಲ ಸಾಲು ನುಡಿಸಿದಳು, ಎರಡನೆಯ ಸಾಲಿಗೆ ಹೋಗುವ ಹಾಗೆ ಮಾಡಿ ಮೆಲ್ಲಗೆ ತುಂಗೆಯ ಮೆಟ್ಟಿಲು ಇಳಿದುಬಿಟ್ಟಳು. ಅಮ್ಮನ ಮುಖದ ಬಣ್ಣ ಹೋಯಿತು. ಹುಡುಗನ ಕಡೆಯವರು ಇದೂ ಯಾವುದೋ ದೇವರಿರಬೇಕೆಂದು ತಲೆಯಾಡಿಸುತ್ತಿದ್ದರು. ಆ ನಿಲುಗಡೆ ಬಂತು. ಅಕ್ಕ ಕೈಯೆತ್ತಿದಳು. ಟೇಪಿನಲ್ಲಿದ್ದದ್ದಕ್ಕಿಂತ ಉದ್ದಕ್ಕೆ ಎತ್ತಿಯೇ ಕೂತಳು.

"ಭೇಷ್!" ಎಂದರು ಸೋದರಮಾವ. "ಸಾಕಮ್ಮಾ, ಕಾಫಿ ಆರ್ತದೆ. ಏನೋ ಹುಡುಗಾ, ಆಗ್ಬೋದಲ್ಲ?"

ಹುಡುಗ ಕಾಫಿಗೆ ಕೈ ಚಾಚುತ್ತ "ಹ್ಞೂಂ" ಎಂದ. ಅಕ್ಕ ಹಾರ್ಮೋನಿಯಂ ಮುಚ್ಚಿದಳು. ಅವರು ಒಪ್ಪಿಗೆ ಹೇಳಿ ಕಳಿಸಿದರು. ಅಕ್ಕ ಒಂದೇ ಮಾತು ಹೇಳಿದಳು: "ಬೇಡ."

ಹೆಣ್ಣು ಬೇಡ ಎನ್ನುವುದನ್ನು ನಮ್ಮ ಮನೆ ಕೇಳಿರಲೇ ಇಲ್ಲ. ಅಮ್ಮ ಬಲ್ಬು ನೋಡಿದಳು.

"ಎಂತ ಬೇಡ? ಯಾಕೆ ಬೇಡ? ಹುಡುಗನಿಗೆ ಎಂತ ಕಡಿಮೆ ಆಗಿತ್ತೇ?"

"ಏನಿಲ್ಲ. ಬೇಡ."

"ಹಿಂಗೇ ಬೇಡ ಬೇಡ ಅಂತಾ ಕೂತ್ರೆ ಮುಂದೆ ಯಾರು ಬರ್ತಾರೆ? ನಾಳೆ ಜನ ಬಾಯಿಗೆ ಬಂದಂಗೆ ಆಡಿದ್ರೆ?"

ಅಪ್ಪ ಊದಿ ಹೇಳಿದರು: "ಒಳಗೆ ಲೂಸ್ ಇಟ್ಕೊಂಡು ಸೆಟ್ಟು ಕಳಿಸೋದು ನಮ್ಮ ಅಂಗಡೀಲಿಲ್ಲ. ಬಿಡು."

ಎರಡನೆಯವರು ಆನಂದಪುರದ ಕಡೆಯವರು. ಈ ಸಲ ನಾನು ಪರದೆಯ ಹಿಂದೆ ಚಪ್ಪಾಳೆ ತಟ್ಟಲು ನಿಂತಿದ್ದೆ. ಅಕ್ಕನ ಅಪ್ಪಣೆ ಇತ್ತು, ಅಮ್ಮನಿಗೆ ಗೊತ್ತಿರಲಿಲ್ಲ. ಒನಕೆ ತಾಗದ ಹಾಗೆ ತಟ್ಟುವುದು ಅಷ್ಟಿಷ್ಟು ಬಂದಿತ್ತು. ಎಲ್ಲ ಚೆನ್ನಾಗಿ ನಡೆಯಿತು. ನಿಲುಗಡೆ ಬಂತು. ಅಕ್ಕ ಕೈಯೆತ್ತಿದಳು. ಹುಡುಗ ಅಲುಗಾಡಲಿಲ್ಲ, ಅವನ ತಾಯಿಯೂ ಇಲ್ಲ. ಆ ಮೌನ ಬೆಳೆಯಿತು. ನನಗೆ ತುರಿಕೆ ಶುರುವಾಯಿತು. ತಡೆದೆ. ಇನ್ನೂ ಬೆಳೆಯಿತು. ನನಗೇ ಗೊತ್ತಿಲ್ಲದೆ ಅಮ್ಮನ ದನಿ ನನ್ನ ಬಾಯಿಂದ ಹೊರಬಿತ್ತು.

"ಕರೆಂಟು ಹೋಯ್ತಾ?"

ಇಡೀ ಕೋಣೆ ಬಲ್ಬು ನೋಡಿತು. ಮಟಮಟ ಮಧ್ಯಾಹ್ನ. ಬಲ್ಬು ಹಾಕಿರಲೇ ಇಲ್ಲ. ಅಮ್ಮ "ನಾನಲ್ಲ, ನಾನಲ್ಲ" ಎಂದು ಬಾಯಿ ಮುಚ್ಚಿಕೊಂಡಳು. ಹುಡುಗ ಹೊಟ್ಟೆ ಹಿಡಿದು ನಕ್ಕ. "ನಿಮ್ಮ ಮನೇಲಿ ನಾಟಕಾನೂ ಉಂಟಾ?" ಎಂದ. ಆಮೇಲೆ ಅವರೂ ಒಪ್ಪಿದರು. ಅಕ್ಕ ಬೇಡವೆಂದಳು.

ಅವತ್ತು ಅಕ್ಕ ನನ್ನ ಮೇಲೆ ರೇಗಿದ್ದು ನೋಡಿ ನಾನು ದಂಗಾದೆ. ಅವಳಿಗೂ ಸಿಟ್ಟೆಂಬುದಿತ್ತು!

"ಒಂದು ಗಳಿಗೆ ಸುಮ್ನಿರೋಕೆ ಆಗ್ಲಿಲ್ಲಲ್ಲಾ ನಿನ್ಗೆ? ನೀನಾದ್ರೂ ಇರ್ತೀಯಾ ಅಂದ್ಕೊಂಡಿದ್ದೆ."

"ಅಲ್ಲ ಮಾರಾಯ್ತಿ, ಅಷ್ಟುದ್ದ ನಿಲ್ಲಿಸೋಕೆ ಎಂತ ಆಗಿತ್ತು? ಟೇಪಲ್ಲಿ ಅಷ್ಟಿಲ್ಲ. ಎರಡು ಸಲಾನೂ ಉದ್ದ ಮಾಡ್ದೆ ನೀನು."

ಅಕ್ಕ ಸ್ವಲ್ಪ ಹೊತ್ತು ಹಾರ್ಮೋನಿಯಂ ಮೇಲಿನ ಧೂಳು ಒರೆಸಿದಳು.

"ಅವರು ನನ್ನ ನೋಡೋಕೆ ಬರ್ತಾರೆ. ನಡಿಗೆ ನೋಡ್ತಾರೆ, ಕೂದಲು ನೋಡ್ತಾರೆ. ನಾನು ಅವರನ್ನ ನೋಡೋದು ಯಾವಾಗ? ತಲೆ ತಗ್ಗಿಸಿ ಕೂತಿರ್ತೀನಿ, ಕಾಣೋದು ಅವರ ಕಾಲುಂಗುಷ್ಠ. ಆ ನಿಲುಗಡೆ ಬಂದಾಗ ಮಾತ್ರ ನಾನು ತಲೆ ಎತ್ತಬಹುದು. ಆಗ ಯಾರು ಏನು ಮಾಡ್ತಾರೆ ನೋಡ್ತೀನಿ. ಒಬ್ಬ ಕಾಫಿ ನೋಡಿದ. ಇನ್ನೊಬ್ಬ ನಿನ್ನ ಮಾತಿಗೆ ನಕ್ಕೊಂಡು ನಾನಿದೀನಿ ಅನ್ನೋದೇ ಮರ್ತ. ಯಾರಾದ್ರೂ ಒಬ್ಬ ನಾನು ಕೈ ಇಳಿಸೋ ತನಕ ಇದ್ರೆ, ಅವರ ಮನೆಗೆ ಹೋಗ್ತೀನಿ."

ಇಡೀ ಸಾಗರ ಪೇಟೆ ಹೆಣ್ಣು ನೋಡುವುದೆಂದು ಯಾವುದನ್ನು ಕರೆಯುತ್ತಿತ್ತೋ, ನಮ್ಮ ಮನೆಯಲ್ಲಿ ಅದು ಗಂಡು ನೋಡುವ ಶಾಸ್ತ್ರವಾಗಿತ್ತು. ಬಂದವರಿಗೂ ಗೊತ್ತಿಲ್ಲ, ಹೆತ್ತವರಿಗೂ ಗೊತ್ತಿಲ್ಲ. ಎಲ್ಲಿಯ ಸ್ಪೇನು, ಎಲ್ಲಿಯ ಕ್ಯೂಬಾ! ಪಿಯಾನೋದ ಆ ಪುಣ್ಯಾತ್ಮ ಕೇಳುವವರ ಎದೆ ನಡುಗಲಿ ಎಂದು ಬಿಟ್ಟ ಸಂದಿಯನ್ನು ನಮ್ಮಕ್ಕ ತನ್ನ ಕಿಟಕಿ ಮಾಡಿಕೊಂಡಿದ್ದಳು. ಭಯವೂ ಆಯಿತು. ಈ ಲೋಕದಲ್ಲಿ ಸುಮ್ಮನೆ ಕೂರಬಲ್ಲ ಗಂಡಸು ಎಲ್ಲಿದ್ದಾನೆ? ಪರೀಕ್ಷೆಯೇ ತಪ್ಪಾಗಿ ಅವಳು ಹಾಗೇ ಉಳಿದರೆ?

ಮೂರನೆಯವರು ಹೊಸನಗರದವರು. ಹುಡುಗ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಉದ್ದಕ್ಕೆ, ಸಣ್ಣಗೆ, ಷರ್ಟಿನ ತೋಳು ಎಲ್ಲಿ ಇಡಬೇಕೆಂದು ತಿಳಿಯದ ಹಾಗೆ ಕೂತಿದ್ದ. ಹಿಡಿಕೆಗಾಗಿ ಪರದೆಯ ಸಂದಿಯಿಂದ ಹುಡುಕಿದೆ. ಏನು ಕೊಟ್ಟರೂ "ಅಡ್ಡಿಲ್ಲ" ಎನ್ನುತ್ತಿದ್ದ. ಉಪ್ಪಿಟ್ಟು ಅಡ್ಡಿಲ್ಲ, ಖಾರವಾಯಿತೇ, ಅಡ್ಡಿಲ್ಲ, ಫ್ಯಾನು ಹಾಕಲೇ, ಅಡ್ಡಿಲ್ಲ. ಇವನನ್ನು ಒಂದು ವಾರ ಮಾಡಬಹುದು ಎಂದು ಒಳಗೇ ಕುಣಿದೆ.

ಅಕ್ಕ ಶುರುಮಾಡಿದಳು. ನನ್ನ ಬಾಯಿಗೆ ನಾನೇ ಟವೆಲ್ ತುರುಕಿಕೊಂಡಿದ್ದೆ, ಕೈ ಮಾತ್ರ ಚಪ್ಪಾಳೆಗಿತ್ತು. ಮೆಟ್ಟಿಲಿಳಿದಳು. ಹಿಂದಿನ ಸೀಟಿನಲ್ಲಿ ಎಲ್ಲರನ್ನೂ ಕುಲುಕಿದಳು. ಅವತ್ತಿನಷ್ಟು ಚೆನ್ನಾಗಿ ಅವಳು ಯಾವತ್ತೂ ನುಡಿಸಿರಲಿಲ್ಲ. ನಮ್ಮ ಒನಕೆಗಳು ಒಮ್ಮೆಯೂ ತಾಗಲಿಲ್ಲ.

ಕೈಯೆತ್ತಿದಳು.

ತಿದಿಯಲ್ಲಿ ಉಳಿದಿದ್ದ ಗಾಳಿ ಸುಂಯ್ ಎಂದು ಹೊರಹೋಯಿತು. ಹುಡುಗನ ತಂದೆ ಹೆಗಲ ಶಾಲು ಸರಿಮಾಡಿಕೊಂಡರು. ಅವನ ಚಿಕ್ಕಮ್ಮ "ಮುಗೀತಾ?" ಎಂದು ಪಕ್ಕದವರನ್ನು ಕೇಳಿದರು. ಅಮ್ಮ ಬಲ್ಬಿನ ಕಡೆ ತಲೆಯೆತ್ತುತ್ತಿದ್ದವಳು ನಡುವೆಯೇ ಕತ್ತು ಬಿಗಿಹಿಡಿದಳು. ಅಪ್ಪ ತುಟಿ ಮುಂದೆ ಮಾಡಿ ಊದದೆ ನಿಂತರು. ಹುಡುಗ? ಅವನ ಕೈಯಲ್ಲಿ ಕಾಫಿ ಲೋಟ ಬಾಯಿಗೆ ಅರ್ಧ ದಾರಿ ಬಂದು ನಿಂತಿತ್ತು. ಅವನು ಅಕ್ಕನ ಕೈ ನೋಡುತ್ತಿದ್ದ. ಕಣ್ಣು ಮಿಟುಕಿಸಲಿಲ್ಲ. ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಹಿಂದಿನ ಎರಡು ಸಲಕ್ಕಿಂತ ಉದ್ದ, ಟೇಪಿಗಿಂತ ಎಷ್ಟೋ ಉದ್ದ. ಟವೆಲ್ ಇಲ್ಲದಿದ್ದರೆ ನಾನು ಕಿರುಚಿಬಿಡುತ್ತಿದ್ದೆ. ಬಿಸಿ ಕಾಫಿ ತುಳುಕಿ ಅವನ ಬೆರಳ ಮೇಲೆ ಇಳಿಯಿತು. ಅವನು ಅದನ್ನೂ ಗಮನಿಸಲಿಲ್ಲ.

ಅಕ್ಕನ ಕೈ ಇಳಿಯಿತು. ಸಂಗೀತ ಧುಮುಕಿತು. ಹುಡುಗ ಕೋಣೆಗೆಲ್ಲ ಕೇಳುವ ಹಾಗೆ ಉಸಿರು ಬಿಟ್ಟ.

ಅವರು ಹೋದ ಮೇಲೆ ಅಮ್ಮ ಪಾತ್ರೆ ಎತ್ತುತ್ತ, ಕೇಳಲು ಹೆದರಿ, ಪಾತ್ರೆಗಳಿಗೇ ಹೇಳಿದಳು: "ಇದೂ ಬೇಡವೇನೋ."

"ಆಗ್ಬೋದು" ಎಂದಳು ಅಕ್ಕ.

ಎಲ್ಲ ಪಾತ್ರೆಗಳೂ ಒಟ್ಟಿಗೆ ಬಿದ್ದವು. ಕ್ಯೂಬಾದ ಡೋಲೂ ಅಷ್ಟು ಸದ್ದು ಮಾಡಿರಲಿಲ್ಲ.

ಮದುವೆಯಾಗಿ ಅಕ್ಕ ಹೊಸನಗರಕ್ಕೆ ಹೋದಳು. ಟೇಪ್ ರೆಕಾರ್ಡರನ್ನು ಅವಳಿಗೆ ಕೊಟ್ಟುಬಿಡೋಣ ಎಂದೆ. "ಫೂ. ಗಿರಾಕಿ ಬಂದು ಕೇಳಿದ್ರೆ ಮಗಳಿಗೆ ಬಳುವಳಿ ಕೊಟ್ಟೆ ಅನ್ಲಾ?" ಎಂದರು ಅಪ್ಪ. ಹಾಗಾಗಿ ಅದು ಕಪಾಟಿನಲ್ಲೇ ಉಳಿಯಿತು. ಮುಚ್ಚಳ ಇವತ್ತಿಗೂ ತೆಗೆದಿಲ್ಲ.

ಹಬ್ಬಕ್ಕೆ ಅಕ್ಕ ಭಾವ ಸಾಗರಕ್ಕೆ ಬಂದಾಗ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಅದನ್ನೇ ಇಳಿಸಿದರು. ಭಾವ ಟೇಪಿನಲ್ಲಿ ಅದನ್ನು ಕೇಳುತ್ತಿದ್ದದ್ದು ಅದೇ ಮೊದಲು. ಮೆಟ್ಟಿಲು ಇಳಿಯಿತು, ಬಸ್ಸು ಹೊರಟಿತು, ಚಪ್ಪಾಳೆ ಬಂತು, ಎಲ್ಲ ನಿಂತಿತು, ಮತ್ತೆ ಧುಮುಕಿತು. ಭಾವ ಕೂತಲ್ಲೇ ನೆಟ್ಟಗಾದರು.

"ಅರೇ! ಇದ್ರಲ್ಲೂ ಮರ್ತುಹೋಗ್ತದಾ?"

"ಎಂತ ಮರ್ತುಹೋಗೋದು ಭಾವ?"

"ಅವತ್ತು ನಿಮ್ಮಕ್ಕನಿಗೆ ನಡುವಲ್ಲಿ ಮರ್ತುಹೋಯ್ತಲ್ಲ ಮಾರಾಯಾ. ಅಷ್ಟು ಜನರ ಎದುರಿಗೆ ಪಾಪ, ಕೈ ಎತ್ತಿ ಕೂತುಬಿಟ್ಲು. ನನ್ನ ಎದೆ ಹಾರಿಹೋಗಿತ್ತು. ಹಸು ಕರು ಹಾಕುವಾಗ ನಡುವಲ್ಲಿ ಸುಮ್ನಾಗಿಬಿಡ್ತದೆ ನೋಡು, ಹಂಗೆ. ಆಗ ಯಾರೂ ಉಸಿರೆತ್ತಬಾರ್ದು. ದೇವರೇ, ಇವಳಿಗೆ ನೆನಪಾಗ್ಲಿ, ನೆನಪಾಗ್ಲಿ ಅಂತ ಕೂತಿದ್ದೆ. ಈಗ ನೋಡಿದ್ರೆ, ಅದು ಹಾಡಲ್ಲೇ ಇರೋದಾ?"

ಇಡೀ ಶಾಸ್ತ್ರವೇ ಸುಳ್ಳು! ಪಾಸಾದವನಿಗೆ ಪರೀಕ್ಷೆ ಯಾವುದೆಂದೇ ತಿಳಿದಿರಲಿಲ್ಲ. ಅಡುಗೆಮನೆಗೆ ಓಡಿದೆ. ಅಕ್ಕ ದೋಸೆ ಹಿಟ್ಟು ಕಲಸುತ್ತಿದ್ದಳು.

"ಅಕ್ಕಾ, ಮೋಸ! ಭಾವನಿಗೆ ಸಂಗೀತ ಗಿಂಗೀತ ಎಂತದೂ ಹೊಳೆದಿರ್ಲಿಲ್ಲ. ನೀನು ಮರ್ತೆ ಅಂತ ಹೆದರಿ ಕೂತಿದ್ರಂತೆ! ನಿನ್ನನ್ನ ಹಸು ಅಂತಾ ಬೇರೆ ಹೇಳ್ತಿದಾರೆ!"

"ಗೊತ್ತಿತ್ತು ಕಣೋ" ಎಂದಳು ಅಕ್ಕ, ಹಿಟ್ಟಿನಿಂದ ಕೈ ತೆಗೆಯದೆ. "ಅವತ್ತೇ ಮುಖದಲ್ಲಿ ಕಂಡಿತ್ತು."

"ಗೊತ್ತಿದ್ದೂ ಆಗ್ಬೋದು ಅಂದ್ಯಾ?"

"ಸಂಗೀತ ತಿಳಿದೋನು ಯಾರಾದ್ರೂ ಬಂದಿದ್ರೆ ಆ ಪಿಯಾನೋ ಮುಂದೆ ಏನು ಮಾಡ್ತದೆ ಅಂತ ಕಾಯ್ತಿದ್ದ. ಇವರು ಕಾದಿದ್ದು ನಂಗೆ. ನೀನು ಎಷ್ಟು ದಿನ ಮಿಮಿಕ್ರಿ ಮಾಡಿದ್ರೂ ಅದು ನಿನ್ಗೆ ಬರಲ್ಲ, ಹೋಗು."

ನಿಜ. ಬಂದಿಲ್ಲ. 'ಅಡ್ಡಿಲ್ಲ' ಒಂದನ್ನು ಮಾಡುತ್ತೇನೆ, ಜನ ನಗುತ್ತಾರೆ. ಅರ್ಧ ದಾರಿಯಲ್ಲಿ ನಿಂತ ಆ ಕಾಫಿ ಲೋಟವನ್ನು ಮಾಡಲು ಎಷ್ಟು ಸಲ ಪ್ರಯತ್ನಿಸಿದ್ದೇನೆ, ಕೈ ನಿಲ್ಲುವುದಿಲ್ಲ.

ಆ ಸಂಜೆ ಅಪ್ಪ ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ಹಾಕಿದರು. ಅಕ್ಕ ಕೈ ತೊಳೆದು ಬಂದು ಪರದೆಯ ಬಳಿ ಕೂತಳು. ಚಪ್ಪಾಳೆ ಶುರುವಾದಾಗ ಭಾವ ಉತ್ಸಾಹದಿಂದ ತಾವೂ ತಟ್ಟಿದರು. ತಪ್ಪು ಜಾಗ, ಪ್ರತಿಯೊಂದೂ ತಪ್ಪು ಜಾಗ. ಅಪ್ಪ ಅಭ್ಯಾಸಬಲದಿಂದ ಸ್ಕ್ರೂಡ್ರೈವರಿಗೆ ಕೈ ಹಾಕಿದರು. ನಾನು ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಟೇಪಿನ ಚಪ್ಪಾಳೆಯನ್ನು ಬಿಟ್ಟು, ಭಾವನ ಕೈ ಎಲ್ಲಿ ಮೇಲಿರುತ್ತದೆಂದು ನೋಡಿಕೊಂಡು, ಆ ಸಂದಿಯಲ್ಲಿ ತನ್ನದನ್ನು ಹಾಕತೊಡಗಿದಳು. ಒಂದು ಒನಕೆ ಮೇಲೆ, ಒಂದು ಕೆಳಗೆ. ಎಲ್ಲೂ ತಾಗಲಿಲ್ಲ.